ಕನ್ನಡ ಹಳ್ಳಿ ಚಿತ್ರಗಳಲ್ಲಿ ಪ್ರೇಮ ಮತ್ತು ಅಂತಸ್ತು

ಉಳ್ಳವರ ಮನೆಯ ಹುಡುಗಿ, ದುಡಿಯುವವರ ಮನೆಯ ಹುಡುಗ; ಅಥವಾ ತಿರುವುಮುರುವಾಗಿ ಸಾಹುಕಾರನ ಮಗ, ಕೂಲಿಯವಳ ಮಗಳು. ಜಾತ್ರೆಯಲ್ಲೋ ಕೆರೆ ಏರಿಯ ಮೇಲೋ ಕಣ್ಣು ಕೂಡುತ್ತದೆ, ಊರಿಗೆ ಸುದ್ದಿ ಹಬ್ಬುತ್ತದೆ, ಅರಳಿಕಟ್ಟೆಯಲ್ಲಿ ಪಂಚಾಯಿತಿ ಸೇರುತ್ತದೆ. ಆಮೇಲೆ ಜೋಡಿ ಓಡಿಹೋಗುತ್ತದೆ, ಇಲ್ಲವೆ ಸಾಯುತ್ತದೆ, ಅದೂ ಇಲ್ಲದಿದ್ದರೆ ಕೊನೆಯ ರೀಲಿನಲ್ಲಿ ಅಪ್ಪನ ಮನಸ್ಸು ಕರಗುತ್ತದೆ. ದಕ್ಷಿಣ ಭಾರತದ ಸಿನಿಮಾ ಮತ್ತೆ ಮತ್ತೆ ಹೇಳಿದ ಕಥೆಗಳಲ್ಲಿ ಇದಕ್ಕೆ ಮೊದಲ ಸಾಲಿನ ಜಾಗ. ತಮಿಳಿನಲ್ಲಿ 1977ರ ನಂತರ ಇದು ಒಂದು ಪಂಥವಾಗಿಯೇ ಬೆಳೆಯಿತು. ಕನ್ನಡದಲ್ಲಿ ಎರಡು ದಾರಿ ಹಿಡಿಯಿತು: ಕಾದಂಬರಿಯಿಂದ ಇಳಿದು ಬಂದದ್ದು ಒಂದು, ತಮಿಳಿನಿಂದ ರೀಮೇಕ್ ಆಗಿ ಬಂದದ್ದು ಇನ್ನೊಂದು. ಎರಡೂ ದಾರಿಗಳಲ್ಲಿ ಒಂದು ಜಾಣತನ ಸಮಾನವಾಗಿದೆ. ಜಾತಿಯ ಜಗಳವನ್ನು ಹಣದ ಜಗಳವೆಂದು ತೋರಿಸಿ ದಾಟಿಬಿಡುವ ಜಾಣತನ ಅದು. ಅದನ್ನು ಮಾಡದೆ ನೇರವಾಗಿ ನಿಂತ ಚಿತ್ರಗಳು ಕಡಿಮೆ, ಉಳಿದಿರುವುದೂ ಅವೇ.

ಈ ಸಮೀಕ್ಷೆಗೆ ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳನ್ನು ನೋಡುವ ನೆಲೆಯಾಗಿ ಇಟ್ಟುಕೊಂಡಿದೆ. ಸ್ಟುಡಿಯೋಗಳಿದ್ದ ಮದರಾಸು, ಬೆಂಗಳೂರುಗಳಿಂದ ದೂರದಲ್ಲಿದ್ದು, ಹಳ್ಳಿ ಚಿತ್ರಗಳನ್ನು ಟೆಂಟಿನಲ್ಲಿ ಕೂತು ನೋಡಿದ ಸೀಮೆ ಇದು. ಅದಕ್ಕೂ ಮೊದಲು ಇಂಥವೇ ಕಥೆಗಳನ್ನು ರಂಗದ ಮೇಲೆ ಕಟ್ಟಿ ಆಡಿದ್ದೂ ಹೌದು.

ನೆಲ ಮತ್ತು ಹಿಡುವಳಿ

ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು. ಅದಕ್ಕೆ ಮೊದಲು ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಯಲ್ಲೂ ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲೂ ಇದ್ದವು. ನ್ಯಾಮತಿ ಹೊನ್ನಾಳಿಯ ಭಾಗವಾಗಿದ್ದು, 2018ರಲ್ಲಿ ತಾಲ್ಲೂಕಾಯಿತು. ಒಂದೇ ಜಿಲ್ಲೆಯೆಂದರೂ ಇವು ಒಂದೇ ನೆಲವಲ್ಲ. ಭದ್ರಾ ನಾಲೆಯ ನೀರು ಕಂಡ ಚನ್ನಗಿರಿ ಸೀಮೆ ಭತ್ತಕ್ಕೆ, ಅಡಿಕೆಗೆ ಹೆಸರಾಯಿತು. ತುಮ್‌ಕೋಸ್ ಎಂಬ ಅಡಿಕೆ ಬೆಳೆಗಾರರ ಸಹಕಾರ ಸಂಘವೇ ಅಲ್ಲಿನ ಹಣಬಲದ ಗುರುತು. ಹೊನ್ನಾಳಿ ತುಂಗಭದ್ರೆಯ ದಡದಲ್ಲಿದೆ. ಜಗಳೂರು ಮಳೆಯನ್ನೇ ನಂಬಿದ ಬೆದ್ದಲು ಸೀಮೆ. ಮೆಕ್ಕೆಜೋಳ, ಶೇಂಗಾ ಬೆಳೆಯುತ್ತದೆ, ಮಳೆ ಕೈಕೊಟ್ಟ ವರ್ಷ ಜನ ಗುಳೆ ಹೋಗುತ್ತಾರೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಬಂಜಾರರ ಸಂತ ಸೇವಾಲಾಲರ ಜನ್ಮಸ್ಥಳವೆಂದು ಪ್ರಸಿದ್ಧ. ಊರಿನಾಚೆಯ ತಾಂಡಾಗಳು ಈ ಸೀಮೆಯ ಸಾಮಾಜಿಕ ನಕ್ಷೆಯಲ್ಲಿ ದೊಡ್ಡ ಜಾಗ ಪಡೆದಿವೆ. ಹಳ್ಳಿ ಚಿತ್ರಗಳಲ್ಲಿ ಮಾತ್ರ ತಾಂಡಾದ ಹೆಣ್ಣು ಬಹುಪಾಲು ಹಾಡಿಗೊಂದು ವೇಷವಾಗಿ ಬಂದು ಹೋಗುತ್ತಾಳೆ.

ಹಳ್ಳಿ ಚಿತ್ರದ ಖಳನಾಯಕ ಸಾಮಾನ್ಯವಾಗಿ ಜಮೀನ್ದಾರ. ನಿಜದ ಹಳ್ಳಿಯಲ್ಲಿ ಅವನ ಬಲ ಎಲ್ಲೆಡೆ ಒಂದೇ ಬಗೆಯದಾಗಿರಲಿಲ್ಲ. ಗೇಣಿ ಪದ್ಧತಿ ಕರಾವಳಿ, ಮಲೆನಾಡುಗಳಲ್ಲಿ ದಟ್ಟವಾಗಿತ್ತು. ಹಳೆಯ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ನಡೆಸಿದರು; ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ದೇವರಾಜ ಅರಸರ ಸರ್ಕಾರ ತಿದ್ದುಪಡಿ ಮಾಡಿದ ಭೂಸುಧಾರಣಾ ಕಾನೂನು 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಉಳುವವನಿಗೆ ಭೂಮಿ ಎಂಬ ಮಾತು ಭೂನ್ಯಾಯಮಂಡಳಿಯ ಕಡತ ಸೇರಿತು. ಬಯಲುಸೀಮೆಯ ಹಳ್ಳಿಗಳಲ್ಲಿ ಗೇಣಿಗಿಂತ ಸಾಲ, ಜೀತ ಮತ್ತು ಕೂಲಿ ದೊಡ್ಡ ಸರಪಳಿಗಳಾಗಿದ್ದವು. ಜೀತ ಕಾನೂನಿನಲ್ಲಿ ರದ್ದಾದದ್ದು 1970ರ ದಶಕದ ನಡುವಿನಲ್ಲಿ. ಹಳ್ಳಿ ಚಿತ್ರಗಳ ಬೆಳೆ ಹುಲುಸಾಗಿ ಬಂದದ್ದೂ ಅದೇ ದಶಕದಲ್ಲಿ. ಇದನ್ನು ಕಾಕತಾಳೀಯವೆಂದು ತಳ್ಳಿಹಾಕುವಂತಿಲ್ಲ.

ಸಿನಿಮಾಕ್ಕೆ ಮೊದಲು

ಜಾತಿ ದಾಟಿದ ಪ್ರೇಮದ ಕಥೆಯನ್ನು ಈ ಸೀಮೆಗೆ ಸಿನಿಮಾ ಕಲಿಸಲಿಲ್ಲ. ಮಾರಿಹಬ್ಬ ನಡೆಯುವ ಊರುಗಳಲ್ಲಿ ಹಿರಿಯರು ಹೇಳುವ ಮಾರಿಯ ಕಥೆಯೇ ಇದಕ್ಕೆ ಅತಿ ಹಳೆಯ, ಅತಿ ಭಯಂಕರವಾದ ಮಾದರಿ. ಕರ್ನಾಟಕದ ಹಲವೆಡೆ ಸಣ್ಣಪುಟ್ಟ ವ್ಯತ್ಯಾಸಗಳೊಂದಿಗೆ ಸಿಗುವ ಆ ಕಥೆಯ ತಿರುಳು ಇಷ್ಟು: ಅಸ್ಪೃಶ್ಯನೆನಿಸಿದ ಯುವಕನೊಬ್ಬ ಜಾತಿ ಮರೆಸಿ ಬ್ರಾಹ್ಮಣ ಕನ್ಯೆಯನ್ನು ಮದುವೆಯಾಗುತ್ತಾನೆ. ಮಕ್ಕಳಾಗುತ್ತಾರೆ. ಅವನ ತಾಯಿ ಊಟಕ್ಕೆ ಕೂತಾಗ ಆಡಿದ ಒಂದು ಮಾತಿನಿಂದ ಗುಟ್ಟು ಬಯಲಾಗುತ್ತದೆ. ಹೆಂಡತಿ ಉರಿದೆದ್ದು ಮಾರಿಯಾಗುತ್ತಾಳೆ, ಗಂಡ ಓಡಿ ಕೋಣನ ಮೈ ಹೊಗುತ್ತಾನೆ, ಆಕೆ ಆ ಕೋಣವನ್ನೇ ಕಡಿಯುತ್ತಾಳೆ. ಹಬ್ಬದ ಕೋಣ ಎಂದರೆ ಆ ಗಂಡ. ಪ್ರಾಣಿಬಲಿಯನ್ನು ನಿಷೇಧಿಸುವ ರಾಜ್ಯದ ಕಾನೂನು 1959ರಿಂದಲೇ ಇದೆ. ಕಥೆಯನ್ನು ನಿಷೇಧಿಸುವ ಕಾನೂನಿಲ್ಲ. ಮಾರಿಹಬ್ಬ ನಡೆದಾಗಲೆಲ್ಲ, ಜಾತಿ ಮೀರಿದ ಗಂಡಿನ ಗತಿ ಏನೆಂಬ ಎಚ್ಚರಿಕೆ ಊರ ನಡುವೆ ಮರುಕಳಿಸುತ್ತದೆ. ಚಿತ್ರಕಥೆ ಬರೆಯುವವರು ಇದಕ್ಕಿಂತ ಕ್ರೂರವಾದ ಕೊನೆಯನ್ನು ಇನ್ನೂ ಕಂಡುಹಿಡಿದಿಲ್ಲ.

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯದು ಇನ್ನೊಂದು ಬಗೆ. ಈಗ ಶಾಂತಿಸಾಗರವೆಂದೂ ಕರೆಯುವ ಈ ವಿಶಾಲ ಕೆರೆಯ ಸ್ಥಳಪುರಾಣದಲ್ಲಿ ರಾಜಕುಮಾರಿ ಶಾಂತವ್ವೆ ತಂದೆ ಒಪ್ಪದ ಪ್ರೇಮಕ್ಕಾಗಿ ಅವನಿಂದಲೇ ಸೂಳೆ ಎನಿಸಿಕೊಳ್ಳುತ್ತಾಳೆ. ಆ ಕಳಂಕ ತೊಳೆಯಲು ಕೆರೆ ಕಟ್ಟಿಸಲು ಹೊರಟಾಗ, ಜಾಗ ಬಿಟ್ಟುಕೊಟ್ಟ ಗಣಿಕೆಯರು ತಮ್ಮ ಹೆಸರೇ ಕೆರೆಗೆ ಉಳಿಯಬೇಕೆಂದು ಷರತ್ತು ಹಾಕುತ್ತಾರೆ. ಪ್ರೇಮಕ್ಕೆ ದಂಡ ತೆತ್ತವಳು ಹೆಣ್ಣು, ತೆತ್ತ ದಂಡದಿಂದ ನೀರುಂಡವರು ಊರಿನ ಗಂಡಸರು. ಇಷ್ಟಾದರೂ ಶಾಂತವ್ವೆಯ ಪ್ರಿಯಕರನ ಬಗ್ಗೆ ಪುರಾಣ ಹೆಚ್ಚು ಮಾತಾಡುವುದಿಲ್ಲ. ಹಳ್ಳಿ ಚಿತ್ರಗಳಲ್ಲೂ ಅವಮಾನವೆಲ್ಲ ಹುಡುಗಿಯ ಪಾಲಿಗೇ ಬೀಳುತ್ತದೆ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ನಡೆಯಿತೆನ್ನುವ ಮದುವೆ, ಅದರ ಬೆನ್ನಿಗೆ ಬಂದ ರಕ್ತಪಾತ ಇವು ಕನ್ನಡ ನಾಟಕಕಾರರನ್ನು ಬಿಡದೆ ಕಾಡಿವೆ. ಗಿರೀಶ ಕಾರ್ನಾಡರ ‘ತಲೆದಂಡ’ ಅದರ ಹೆಸರಾಂತ ರೂಪ. ಅದಕ್ಕೂ ಮೊದಲು ಪಿ. ಲಂಕೇಶ್ ‘ಸಂಕ್ರಾಂತಿ’ಯಲ್ಲಿ ಬಸವ-ಬಿಜ್ಜಳರ ಕಾಲವನ್ನು ದಲಿತ ಯುವಕ ರುದ್ರ ಮತ್ತು ಬ್ರಾಹ್ಮಣರ ಉಷಾ ನಡುವಿನ ಪ್ರೇಮದ ಮೂಲಕ ನೋಡಿದ್ದರು. ಲಂಕೇಶರ ಹುಟ್ಟೂರು ಶಿವಮೊಗ್ಗ ತಾಲ್ಲೂಕಿನ ಕೊನಗವಳ್ಳಿ. ಹೊನ್ನಾಳಿ ಸೀಮೆಗೆ ದೂರದ್ದಲ್ಲ.

ವೃತ್ತಿ ರಂಗಭೂಮಿಯ ಪಾಲು ಇನ್ನೂ ನೇರವಾದದ್ದು. ದಾವಣಗೆರೆಯ ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿ ಮಧ್ಯ ಮತ್ತು ಉತ್ತರ ಕರ್ನಾಟಕದ ಊರೂರಿನಲ್ಲಿ ಕ್ಯಾಂಪು ಹಾಕಿತು. ಮನೆತನದ ಚಿಂದೋಡಿ ಲೀಲಾ ರಂಗದಿಂದ ತೆರೆಗೂ ಹೋದರು, ಪದ್ಮಶ್ರೀ ಪಡೆದರು, 2010ರಲ್ಲಿ ತೀರಿಕೊಂಡರು. ಅವರ ‘ಪೊಲೀಸನ ಮಗಳು’ ಬೆಳಗಾವಿಯಲ್ಲಿ ಸಾವಿರಕ್ಕೂ ಹೆಚ್ಚು ಪ್ರಯೋಗ ಕಂಡಿತು. ಕಂಪನಿ ನಾಟಕ ನೋಡಿ ಬಂದ ಹಳ್ಳಿ ಹುಡುಗರು ತಾವೇ ಯುಗಾದಿಗೆ, ಊರಹಬ್ಬಕ್ಕೆ ಸಾಮಾಜಿಕ ನಾಟಕ ಆಡುವ ವಾಡಿಕೆ ಈ ನಾಲ್ಕೂ ತಾಲ್ಲೂಕುಗಳಲ್ಲಿ ಇಂದಿಗೂ ಪೂರಾ ನಿಂತಿಲ್ಲ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸುತ್ತಾರೆ, ಸೀನರಿ ಬಾಡಿಗೆಗೆ ಬರುತ್ತದೆ, ಸ್ತ್ರೀಪಾತ್ರಕ್ಕೆ ಹೊರಊರಿನ ಕಲಾವಿದೆಯರನ್ನು ಕರೆಸುತ್ತಾರೆ. ಕಥೆ ಬಹುಪಾಲು ಒಂದೇ: ದರ್ಪದ ಗೌಡ, ಅವನ ಮನೆಯ ಪ್ರೇಮ, ನಂಬಿದ ಆಳಿಗೆ ಬಡಿಯುವ ದುರಂತ, ನಡುವೆ ಹಾಸ್ಯದ ಜೋಡಿ. ಗೌಡನ ಪಾತ್ರವನ್ನು ಊರಿನ ನಿಜವಾದ ಗೌಡರ ಮಗನೇ ಹಾಕುವುದುಂಟು. ಇಂಥ ನಾಟಕದ ಚೀಟಿ ಅಂಟಿಸಿದ್ದ ಗೋಡೆಯ ಮೇಲೇ ಮುಂದೆ ಸಿನಿಮಾ ಪೋಸ್ಟರೂ ಬಂತು. ನೋಡುಗರಿಗೆ ಎರಡೂ ಒಂದೇ ಕುಟುಂಬದವು.

ಕಾದಂಬರಿಯ ದಾರಿ

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ಬಂದದ್ದು 1934ರಲ್ಲಿ. ಆಮೇಲಿನ ಎರಡು ದಶಕ ಪುರಾಣ ಮತ್ತು ಭಕ್ತಿಯ ಕಾಲ. ಹಳ್ಳಿಯ ಬದುಕು ತೆರೆಗೆ ಬಂದದ್ದು ಮುಖ್ಯವಾಗಿ ಕಾದಂಬರಿಗಳ ಕೈಹಿಡಿದು. ಈ ಸೀಮೆಯ ಲೆಕ್ಕದಲ್ಲಿ ಮೊದಲು ಹೇಳಬೇಕಾದ ಹೆಸರು ತ.ರಾ. ಸುಬ್ಬರಾಯರದು. ಅವರು 1920ರಲ್ಲಿ ಹುಟ್ಟಿದ್ದು ಇಂದಿನ ದಾವಣಗೆರೆ ಜಿಲ್ಲೆಯ ಮಲೆಬೆನ್ನೂರಿನಲ್ಲಿ. ಮನೆತನದ ಊರು ತಳುಕು. ಅವರ ‘ಚಂದವಳ್ಳಿಯ ತೋಟ’ವನ್ನು 1964ರಲ್ಲಿ ಟಿ.ವಿ. ಸಿಂಗ್ ಠಾಕೂರ್ ಚಿತ್ರ ಮಾಡಿದರು. ಒಂದು ಹಳ್ಳಿಯ ಒಟ್ಟುಕುಟುಂಬ ಒಡೆದು ಹಾಳಾಗುವ ಕಥೆ ಅದು.

ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಬೆಸೆದು ಪುಟ್ಟಣ್ಣ ಕಣಗಾಲ್ 1972ರಲ್ಲಿ ಮಾಡಿದ ‘ನಾಗರಹಾವು’ ಹಳ್ಳಿಯ ಚಿತ್ರವಲ್ಲ, ಚಿತ್ರದುರ್ಗದ ಚಿತ್ರ. ಆದರೂ ಈ ಪಟ್ಟಿಯಿಂದ ಅದನ್ನು ಬಿಡಲಾಗದು. ರಾಮಾಚಾರಿ ಜಾತಿಯ ಕಾರಣಕ್ಕೆ ಅಲಮೇಲುವನ್ನು ಬಿಟ್ಟುಕೊಡುತ್ತಾನೆ. ಬಿಟ್ಟುಕೊಡಿಸುವವರು ಅವನನ್ನು ಮಗನಂತೆ ಪ್ರೀತಿಸುವ ಚಾಮಯ್ಯ ಮೇಷ್ಟ್ರು. ಆ ತ್ಯಾಗದ ಫಲವಾಗಿ ಅಲಮೇಲು ಬೀದಿಗೆ ಬೀಳುತ್ತಾಳೆ. ಮುಂದೆ ಕ್ರೈಸ್ತ ಹುಡುಗಿ ಮಾರ್ಗರೆಟ್‌ಳ ವಿಷಯದಲ್ಲಿ ಅದೇ ಮೇಷ್ಟ್ರು ಅದೇ ಬುದ್ಧಿ ಹೇಳಿದಾಗ ರಾಮಾಚಾರಿ ಒಪ್ಪುವುದಿಲ್ಲ. ಜಾತಿಯನ್ನು ಕಾಯುವವನು ಕೊಡಲಿ ಹಿಡಿದ ಜಮೀನ್ದಾರನೇ ಆಗಬೇಕಿಲ್ಲ, ಒಳ್ಳೆಯ ಮೇಷ್ಟ್ರೂ ಆಗಬಹುದು ಎಂಬುದನ್ನು ಇಷ್ಟು ಚೆನ್ನಾಗಿ ತೋರಿಸಿದ ಜನಪ್ರಿಯ ಚಿತ್ರ ಕನ್ನಡದಲ್ಲಿ ಇನ್ನೊಂದಿಲ್ಲ. ಜಗಳೂರು ಆಗ ದುರ್ಗದ ಜಿಲ್ಲೆಗೇ ಸೇರಿತ್ತು. ತೆರೆಯ ಮೇಲಿನ ಕೋಟೆ, ಬಂಡೆ, ಬಿಸಿಲು ಆ ಕಡೆಯವರಿಗೆ ಮನೆಯಂಗಳ.

ಪುಟ್ಟಣ್ಣನವರೇ 1967ರಲ್ಲಿ ತ್ರಿವೇಣಿಯವರ ‘ಬೆಳ್ಳಿಮೋಡ’ದಲ್ಲಿ ಪ್ರೇಮಕ್ಕೂ ಆಸ್ತಿಗೂ ಇರುವ ನಂಟನ್ನು ಬಿಚ್ಚಿ ಇಟ್ಟಿದ್ದರು. ಕಾಫಿ ತೋಟದ ಒಬ್ಬಳೇ ವಾರಸುದಾರಳು ಇಂದಿರಾ. ಅವಳಿಗೆ ತಮ್ಮ ಹುಟ್ಟಿದ ಮೇಲೆ, ಮದುವೆ ನಿಶ್ಚಯವಾಗಿದ್ದ ಹುಡುಗ ಹಿಂದೆ ಸರಿಯುತ್ತಾನೆ. ಇಲ್ಲಿ ಜಾತಿ ಒಂದೇ; ಮುರಿದದ್ದು ಹಣದ ಲೆಕ್ಕ. ನಿಜವಾದ ಅರ್ಥದಲ್ಲಿ ಅಂತಸ್ತಿನ ಚಿತ್ರವೆಂದರೆ ಇದು.

ಸಿದ್ದಲಿಂಗಯ್ಯನವರ ಎರಡು ಚಿತ್ರಗಳು ಹಳ್ಳಿಗರ ಮನಸ್ಸಿನಲ್ಲಿ ಆಳವಾಗಿ ಬೇರುಬಿಟ್ಟವು. ಟಿ.ಕೆ. ರಾಮರಾಯರ ಕಾದಂಬರಿ ಆಧರಿಸಿದ ‘ಬಂಗಾರದ ಮನುಷ್ಯ’ (1972) ಬೆಂಗಳೂರಿನ ಒಂದೇ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಅದರ ಪ್ರೇಮಕಥೆ ಚಿಕ್ಕದು, ಬೇಸಾಯದ ಕನಸು ದೊಡ್ಡದು. ಗೊರೂರು ರಾಮಸ್ವಾಮಿ ಅಯ್ಯಂಗಾರರ ಕಥೆಯಿಂದ ಬಂದ ‘ಭೂತಯ್ಯನ ಮಗ ಅಯ್ಯು’ (1974) ಸಾಲ ಕೊಡುವವನು ಮತ್ತು ಸಾಲ ತೆಗೆದುಕೊಂಡವನ ನಡುವಿನ ಹಗೆಯನ್ನು ಕೋರ್ಟಿನವರೆಗೆ ಒಯ್ಯುತ್ತದೆ. ಪ್ರೇಮ ಅದರ ಕೇಂದ್ರವಲ್ಲ. ಆದರೆ ಊರಿನವರು ಒಟ್ಟಾಗಿ ಸಾಹುಕಾರನ ಮನೆಗೆ ನುಗ್ಗುವ ದೃಶ್ಯದಲ್ಲಿ ವರ್ಗದ ಸಿಟ್ಟು ಎಂದರೆ ಏನೆಂಬುದು ಗೊತ್ತಾಗುತ್ತದೆ. ಚಿತ್ರ ಕೊನೆಗೆ ಕ್ಷಮೆಯ ಕಡೆ ತಿರುಗುವುದು ಗೊರೂರರ ಗಾಂಧಿಮಾರ್ಗಕ್ಕೆ ಒಪ್ಪುವಂಥದ್ದೇ.

ಇವೆಲ್ಲಕ್ಕಿಂತ ನಿಷ್ಠುರವಾದದ್ದು ಬಿ.ವಿ. ಕಾರಂತರ ‘ಚೋಮನ ದುಡಿ’ (1975). ಶಿವರಾಮ ಕಾರಂತರು 1933ರಲ್ಲಿ ಬರೆದ ಕಾದಂಬರಿಯ ಚೋಮನಿಗೆ ತುಂಡು ಭೂಮಿ ಉಳುವ ಆಸೆ. ಹುಟ್ಟಿನ ಕಾರಣಕ್ಕೆ ಅವನಿಗೆ ಬೇಸಾಯ ನಿಷಿದ್ಧ. ಮಗ ಗುರುವ ಕ್ರೈಸ್ತ ಹುಡುಗಿಯ ಪ್ರೀತಿಗಾಗಿ ಮತಾಂತರವಾಗುತ್ತಾನೆ. ಮಗಳು ಬೆಳ್ಳಿ ತೋಟದ ಸಾಲ ತೀರಿಸಲು ಹೋಗಿ ಅಲ್ಲಿಯ ರೈಟರನ ಕೈಗೆ ಸಿಗುತ್ತಾಳೆ. ಇನ್ನೊಬ್ಬ ಮಗ ನೀರಿನಲ್ಲಿ ಮುಳುಗುವಾಗ ದಡದಲ್ಲಿದ್ದವರು ಮುಟ್ಟಲು ಹಿಂಜರಿಯುತ್ತಾರೆ. ಪ್ರೇಮ, ಸಾಲ, ಜಾತಿ, ನೆಲ ಈ ನಾಲ್ಕನ್ನೂ ಬಿಡಿಸಲಾಗದ ಗಂಟಾಗಿ ಕಂಡ ಚಿತ್ರ ಅದು. ಆ ವರ್ಷದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಪಡೆಯಿತು, ಚೋಮನಾಗಿದ್ದ ಎಂ.ವಿ. ವಾಸುದೇವರಾವ್ ಅತ್ಯುತ್ತಮ ನಟರಾದರು. ಟೆಂಟುಗಳಲ್ಲಿ ಓಡಲಿಲ್ಲ ಎಂಬ ಕಾರಣಕ್ಕೆ ಇದನ್ನು ಹಳ್ಳಿ ಚಿತ್ರಗಳ ಪಟ್ಟಿಯಿಂದ ಹೊರಗಿಡುವ ವಾಡಿಕೆಯುಂಟು, ಅದು ತಪ್ಪು.

ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿ ಆಧರಿಸಿ ಮಾರುತಿ ಶಿವರಾಂ ಮಾಡಿದ ‘ಪರಸಂಗದ ಗೆಂಡೆತಿಮ್ಮ’ (1978) ಮೇಲುನೋಟಕ್ಕೆ ನಗೆಯ ಚಿತ್ರ. ಊರೂರು ಅಲೆದು ಪ್ಯಾಟೆಯ ಸಾಮಾನು ಮಾರುವ ಗೆಂಡೆತಿಮ್ಮನಾಗಿ ಲೋಕೇಶ್ ಮರೆಯದಂತೆ ನಟಿಸಿದರು. ಅವನ ಪೆಟ್ಟಿಗೆಯಲ್ಲಿನ ಸ್ನೋ, ಪೌಡರು, ಒಳಉಡುಪುಗಳ ಜೊತೆ ಹಳ್ಳಿಯ ಹೆಂಗಸರಿಗೆ ಹೊಸ ಆಸೆಯೂ ಬರುತ್ತದೆ, ಅವನ ಸಂಸಾರವೇ ಅದಕ್ಕೆ ಬಲಿಯಾಗುತ್ತದೆ. ಪೇಟೆ-ಹಳ್ಳಿಗಳ ಅಂತರವನ್ನು ಪ್ರೇಮದ ಅಳತೆಗೋಲಿನಿಂದ ಅಳೆದ ಕೆಲವೇ ಚಿತ್ರಗಳಲ್ಲಿ ಇದೊಂದು.

ತಮಿಳಿನ ದಾರಿ

ತಮಿಳು ಹಳ್ಳಿ ಚಿತ್ರದ ತಿರುವು ಭಾರತಿರಾಜಾ ಅವರ ‘ಪದಿನಾರು ವಯದಿನಿಲೇ’ (1977). ಸ್ಟುಡಿಯೋದ ಬಣ್ಣದ ಗುಡಿಸಲು ಬಿಟ್ಟು ನಿಜವಾದ ಹಳ್ಳಿಯ ಧೂಳಿಗೆ ಕ್ಯಾಮರಾ ಒಯ್ದ ಚಿತ್ರವೆಂದು ಅದಕ್ಕೆ ಹೆಸರು. ‘ಅಲೈಗಳ್ ಓಯ್ವದಿಲ್ಲೈ’ (1981) ಬ್ರಾಹ್ಮಣ ಹುಡುಗ ಮತ್ತು ಕ್ರೈಸ್ತ ಹುಡುಗಿಯ ಕಥೆಯಾದರೆ, ‘ವೇದಂ ಪುದಿದು’ (1987) ಜಾತಿಯನ್ನೇ ಎದುರಿಗೆ ನಿಲ್ಲಿಸಿ ಪ್ರಶ್ನಿಸಿತು. ಕನ್ನಡಿಗರು ನೆನಪಿಡಬೇಕಾದ ಸಂಗತಿಯೆಂದರೆ, ಭಾರತಿರಾಜಾ ಸಿನಿಮಾ ಕೆಲಸ ಶುರುಮಾಡಿದ್ದು ಪುಟ್ಟಣ್ಣ ಕಣಗಾಲರ ಸಹಾಯಕರಾಗಿ. ದುರ್ಗದ ಬಂಡೆಗಳನ್ನೇ ಪಾತ್ರವಾಗಿಸಿದ ‘ನಾಗರಹಾವು’ ಅವರ ಮೊದಲ ಚಿತ್ರಕ್ಕಿಂತ ಐದು ವರ್ಷ ಹಿಂದಿನದು. ಹೀಗಾಗಿ ಹಳ್ಳಿ ಚಿತ್ರ ತಮಿಳಿನಿಂದ ಕನ್ನಡಕ್ಕೆ ಬಂದ ಸರಕು ಎನ್ನುವುದು ಅರ್ಧ ಸತ್ಯ. ಪಾಠ ಇಲ್ಲಿಂದ ಹೋಯಿತು, ಸರಕು ಅಲ್ಲಿಂದ ಬಂತು.

ಸರಕು ರೀಮೇಕ್ ರೂಪದಲ್ಲೇ ಬಂದದ್ದಕ್ಕೆ ಕಾರಣವಿದೆ. 1960ರ ದಶಕದಿಂದ ಕನ್ನಡದಲ್ಲಿ ಡಬ್ಬಿಂಗ್‌ಗೆ ಉದ್ಯಮವೇ ತಡೆ ಹಾಕಿಕೊಂಡಿತ್ತು. ಕಾನೂನಿನ ಬಲವಿಲ್ಲದ ಈ ತಡೆಯನ್ನು ಭಾರತ ಸ್ಪರ್ಧಾ ಆಯೋಗ 2015ರಲ್ಲಿ ತಪ್ಪೆಂದು ಹೇಳುವವರೆಗೂ ಅದು ನಡೆಯಿತು. ತಮಿಳು ಚಿತ್ರಗಳು ಬೆಂಗಳೂರು, ಕೋಲಾರದ ಕಡೆ ಮೂಲ ಭಾಷೆಯಲ್ಲೇ ಓಡುತ್ತಿದ್ದವು. ಭದ್ರಾವತಿಯ ಕಾರ್ಖಾನೆಗಳಿಗೆ ಬಂದು ನೆಲೆಸಿದ ತಮಿಳರನ್ನು ಬಿಟ್ಟರೆ, ಹೊನ್ನಾಳಿ, ಜಗಳೂರಿನ ಕಡೆಯ ಹಳ್ಳಿಗರಿಗೆ ಅವುಗಳ ಪರಿಚಯ ಕಡಿಮೆ. ಅವರಿಗೆ ರೀಮೇಕ್ ಚಿತ್ರವೇ ಮೂಲ ಚಿತ್ರ.

ರಜನಿಕಾಂತರ ‘ತಂಬಿಕ್ಕು ಎಂದ ಊರು’ ರವಿಚಂದ್ರನ್ನರ ‘ಅಂಜದ ಗಂಡು’ (1988) ಆಯಿತು; ಹಳ್ಳಿಗೆ ಬಂದು ದುಡಿಯುವ ಶ್ರೀಮಂತರ ಮಗನ ಕಥೆ. ಪಿ. ವಾಸು ಅವರ ‘ಚಿನ್ನ ತಂಬಿ’ ಬಂದ ವರ್ಷವೇ, ಎಂದರೆ 1991ರಲ್ಲೇ, ‘ರಾಮಾಚಾರಿ’ ಆಗಿ ಬಂತು. ಮೂವರು ಅಣ್ಣಂದಿರ ಕಾವಲಿನಲ್ಲಿ ಬೆಳೆದ ಸಿರಿವಂತ ಹುಡುಗಿ, ತಾಳಿ ಎಂದರೇನೆಂದೂ ತಿಳಿಯದ ಮುಗ್ಧ ಹಾಡುಗಾರ. ನಾಯಕ ಬುದ್ಧಿವಂತನಾಗಿದ್ದರೆ ಅವನ ಪ್ರೇಮ ಬಂಡಾಯವಾಗಿಬಿಡುತ್ತಿತ್ತು. ಮುಗ್ಧನಾದ್ದರಿಂದ ಅದು ವಿಧಿಯ ಆಟವಾಗುತ್ತದೆ, ನೋಡುವ ಗೌಡರಿಗೂ ಕಣ್ಣೀರು ಬರುತ್ತದೆ. ಜನಪ್ರಿಯ ಹಳ್ಳಿ ಚಿತ್ರ ಅಂತಸ್ತಿನ ಜಗಳವನ್ನು ನಿಭಾಯಿಸುವ ಗುಟ್ಟು ಇಲ್ಲೇ ಇದೆ: ಬಡವನನ್ನು ನಿರಪರಾಧಿ ಮಾಡಬೇಕಾದರೆ ಅವನಿಂದ ಇಚ್ಛೆಯನ್ನೇ ಕಿತ್ತುಕೊಳ್ಳಬೇಕು.

ಇದಾದ ಮೇಲೆ ಬಂದದ್ದು ಒಳ್ಳೆಯ ಯಜಮಾನರ ಸಾಲು. ಶರತ್‌ಕುಮಾರರ ‘ಸೂರ್ಯವಂಶಂ’ ವಿಷ್ಣುವರ್ಧನರ ‘ಸೂರ್ಯವಂಶ’ (1999) ಆಯಿತು, ‘ವಾನತ್ತೈಪೋಲ’ ‘ಯಜಮಾನ’ (2000) ಆಯಿತು, ‘ನಾಟ್ಟಾಮೈ’ ‘ಸಿಂಹಾದ್ರಿಯ ಸಿಂಹ’ (2002) ಆಯಿತು. ದಾವಣಗೆರೆ ಸೀಮೆಯಲ್ಲೂ ಇವು ಜನರನ್ನು ಸೆಳೆದವು. ಇವುಗಳಲ್ಲಿ ಊರಿನ ಹಿರಿಯನೇ ನ್ಯಾಯ, ಅವನ ಮಾತೇ ಕಾನೂನು. ಜಮೀನ್ದಾರಿಕೆಯನ್ನು ಕಾನೂನು ಕಿತ್ತುಹಾಕಿ ಕಾಲು ಶತಮಾನವಾದ ಮೇಲೆ ಸಿನಿಮಾ ಅದಕ್ಕೆ ಬಿಳಿ ಪಂಚೆ ಉಡಿಸಿ ಮರಳಿ ಕೂರಿಸಿತು. ತಮಿಳಿನಲ್ಲಿ ಕೊಂಗುನಾಡಿನ ಗೌಂಡರ್, ದಕ್ಷಿಣದ ತೇವರ್ ಎಂದು ಗುರುತು ಹಿಡಿಯಬಹುದಾದ ಪಾತ್ರಗಳು ಕನ್ನಡಕ್ಕೆ ಬರುವಾಗ ಜಾತಿಯ ಗುರುತು ಕಳೆದುಕೊಂಡು ಬರೀ ದೊಡ್ಡ ಮನೆತನದವರಾದರು. ಅಲ್ಲಿ ಜಾತಿಯ ಹೆಮ್ಮೆಯನ್ನು ಮೆರೆಸಿದ ಆರೋಪವಿತ್ತು. ಇಲ್ಲಿ ಜಾತಿ ಎಂಬುದೇ ಇಲ್ಲದ ಒಂದು ಹಳ್ಳಿ ಹುಟ್ಟಿತು. ಅಂಥ ಹಳ್ಳಿ ಹೊನ್ನಾಳಿಯಲ್ಲೂ ಇಲ್ಲ, ಮದುರೆಯಲ್ಲೂ ಇಲ್ಲ.

ಒಂದು ಮಾತನ್ನು ಇಲ್ಲಿ ಸೇರಿಸಬಹುದು. ತಮಿಳು ಚಿತ್ರಗಳಲ್ಲಿ ಬಡ ನಾಯಕ ತನ್ನ ಗಂಡಸುತನ ತೋರಿಸಲು ಜಲ್ಲಿಕಟ್ಟಿನ ಹೋರಿ ಹಿಡಿಯುವುದುಂಟು. ಹೊನ್ನಾಳಿ, ನ್ಯಾಮತಿ, ಶಿಕಾರಿಪುರ, ಹಾವೇರಿಯ ಕಡೆ ದೀಪಾವಳಿಯ ಆಸುಪಾಸಿನಿಂದ ಹೋರಿ ಬೆದರಿಸುವ ಹಬ್ಬ ನಡೆಯುತ್ತದೆ. ಹೋರಿಯ ಕೊರಳಿನ ಕೊಬ್ಬರಿ ಸರ ಹರಿಯುವ ಹುಡುಗ ಕೂಲಿಯವನಿರಬಹುದು, ಹೋರಿ ಮಾತ್ರ ಬಹುಪಾಲು ಹೊಲವಿದ್ದವರದು. ನೆರೆಯ ಭಾಷೆಯಿಂದ ಕಥೆ ತಂದ ನಿರ್ಮಾಪಕರು ಮನೆಬಾಗಿಲಿನ ಈ ನಾಟಕವನ್ನು ಬಹುಕಾಲ ಕಣ್ಣೆತ್ತಿ ನೋಡಲಿಲ್ಲ.

‘ಜನುಮದ ಜೋಡಿ’

ಜನಪ್ರಿಯ ಧಾಟಿಯಲ್ಲೇ ಇದ್ದು ಜಾತಿಯನ್ನು ಮರೆಮಾಚದ ಚಿತ್ರ ಟಿ.ಎಸ್. ನಾಗಾಭರಣರ ‘ಜನುಮದ ಜೋಡಿ’ (1996). ಮೂಲ ತಮಿಳಲ್ಲ, ಗುಜರಾತಿ: ಪನ್ನಾಲಾಲ್ ಪಟೇಲರು 1941ರಲ್ಲಿ ಬರೆದ ‘ಮಳೇಲಾ ಜೀವ್’. ಜಾತ್ರೆಯಲ್ಲಿ ಕಂಡ ಹುಡುಗಿ ತನ್ನ ಜಾತಿಯವಳಲ್ಲ. ಕಾದಂಬರಿಯಲ್ಲಿ ಅವಳು ಕ್ಷೌರಿಕರ ಮನೆಯವಳು, ಅವನು ಪಟೇಲ. ಮದುವೆಯಾಗಲು ಧೈರ್ಯವಿಲ್ಲ, ಬಿಟ್ಟಿರಲು ಮನಸ್ಸಿಲ್ಲ. ಕಣ್ಣೆದುರಿಗಾದರೂ ಇರಲಿ ಎಂದು ತನ್ನೂರಿನಲ್ಲೇ ಇರುವ ಅವಳ ಜಾತಿಯವನಿಗೆ ಅವಳನ್ನು ಕೊಡಿಸುತ್ತಾನೆ. ಇಲ್ಲಿ ಹುಡುಗಿಯ ಬಾಳು ಹಾಳಾಗುವುದು ಖಳನಾಯಕನಿಂದಲ್ಲ, ಪ್ರೀತಿಸಿದವನ ಹೇಡಿತನದಿಂದ.

ಶಿವರಾಜಕುಮಾರ್ ಮತ್ತು ಶಿಲ್ಪಾ ನಟಿಸಿದ, ವಿ. ಮನೋಹರ್ ಸಂಗೀತದ ಈ ಚಿತ್ರ ವರ್ಷ ದಾಟಿ ಓಡಿತು. ಹಾಡುಗಳು ಜನಪದದ ಮಟ್ಟು ಹಿಡಿದು ಮದುವೆ ಮನೆ, ಜಾತ್ರೆ, ಟ್ರ್ಯಾಕ್ಟರು ಎಲ್ಲೆಡೆ ಕೇಳಿಬಂದವು. ನಾಯಕನನ್ನು ಹೊಡೆದಾಟದ ವೀರನನ್ನಾಗಿ ಮಾಡದೆಯೂ, ಜಾತಿಯನ್ನು ಹಣವೆಂದು ತಿದ್ದದೆಯೂ ಚಿತ್ರವೊಂದು ಗೆಲ್ಲಬಹುದೆಂದು ಅದು ತೋರಿಸಿತು. ಉದ್ಯಮ ಕಲಿತದ್ದು ಹಾಡಿನ ಮಟ್ಟನ್ನು ಮಾತ್ರ.

ದುರ್ಗದ ಇನ್ನೊಬ್ಬ ಕಾದಂಬರಿಕಾರ ಬಿ.ಎಲ್. ವೇಣು ಅವರ ಕೃತಿಯಿಂದ ನಾಗಾಭರಣರೇ ಮಾಡಿದ ‘ಕಲ್ಲರಳಿ ಹೂವಾಗಿ’ (2006) ಪಾಳೆಯಗಾರರ ಕಾಲದ ಹಿಂದೂ ಯುವಕ, ಮುಸ್ಲಿಂ ಯುವತಿಯ ಪ್ರೇಮವನ್ನು ಹೇಳಿತು. ರಾಷ್ಟ್ರೀಯ ಭಾವೈಕ್ಯಕ್ಕಾಗಿ ಕೊಡುವ ನರ್ಗಿಸ್ ದತ್ ಪ್ರಶಸ್ತಿ ಪಡೆಯಿತು. ಜಗಳೂರಿಗೆ ನೆರೆಯ ಕೊಟ್ಟೂರಿನ ಕುಂ. ವೀರಭದ್ರಪ್ಪನವರ ಕಥೆಯಿಂದ ನಾಗತಿಹಳ್ಳಿ ಚಂದ್ರಶೇಖರ್ ಮಾಡಿದ ‘ಕೊಟ್ರೇಶಿ ಕನಸು’ (1994) ಪ್ರೇಮದ ಕಥೆಯಲ್ಲ. ದಲಿತ ಹುಡುಗನೊಬ್ಬ ಪರೀಕ್ಷೆ ಪಾಸಾದದ್ದನ್ನೇ ಊರು ಸಹಿಸದ ಕಥೆ. ಈ ಬಯಲುಸೀಮೆಯ ಮಾತು, ಮುಖ, ಬಿಸಿಲು ಹೇಗಿರುತ್ತವೆಂದು ತಿಳಿಯಲು ಅದನ್ನು ನೋಡಬೇಕು.

ಹೊಸ ಶತಮಾನ

ಬಾಲಾಜಿ ಶಕ್ತಿವೇಲರ ‘ಕಾದಲ್’ (2004) ಎಸ್. ನಾರಾಯಣ್ ಅವರ ‘ಚೆಲುವಿನ ಚಿತ್ತಾರ’ (2007) ಆಗಿ ಭಾರೀ ಗೆಲುವು ಕಂಡಿತು. ಮೆಕ್ಯಾನಿಕ್ ಹುಡುಗ, ಸಿರಿವಂತ ಶಾಲಾ ಹುಡುಗಿ, ಹುಚ್ಚಿನ ಕೊನೆ. ಹತ್ತು ವರ್ಷದ ಮೇಲೆ ಅದೇ ನಿರ್ದೇಶಕರು ನಾಗರಾಜ ಮಂಜುಳೆಯವರ ಮರಾಠಿ ‘ಸೈರಾಟ್’ ಅನ್ನು ‘ಮನಸು ಮಲ್ಲಿಗೆ’ (2017) ಎಂದು ತಂದರು; ನಾಯಕಿಯೂ ಮೂಲದ ರಿಂಕು ರಾಜಗುರು ಅವರೇ. ಮರಾಠಿಯಲ್ಲಿ ಬೆಚ್ಚಿಬೀಳಿಸಿದ ಚಿತ್ರ ಇಲ್ಲಿ ಅಷ್ಟು ತಟ್ಟಲಿಲ್ಲ. ಮಂಜುಳೆ ತಾವು ಬೆಳೆದ ನೆಲದ ಜಾತಿಯ ಲೆಕ್ಕವನ್ನು ಅಂಗುಲ ಅಂಗುಲವಾಗಿ ಬಲ್ಲವರು. ಆ ಲೆಕ್ಕ ಬಿಟ್ಟು ಹಾಡನ್ನಷ್ಟೇ ತಂದರೆ ಉಳಿಯುವುದು ಇನ್ನೊಂದು ಕಾಲೇಜು ಪ್ರೇಮಕಥೆ.

ತಮಿಳಿನಲ್ಲಿ ಈ ಹೊತ್ತಿಗೆ ಪಂಥವೇ ಬದಲಾಗಿತ್ತು. ಮಾರಿ ಸೆಲ್ವರಾಜ್ ಅವರ ‘ಪರಿಯೇರುಂ ಪೆರುಮಾಳ್’ (2018), ವೆಟ್ರಿಮಾರನ್ನರ ‘ಅಸುರನ್’ (2019) ದಲಿತರ ಕಣ್ಣಿನಿಂದ ಹಳ್ಳಿಯನ್ನು ನೋಡಿದವು. ಕನ್ನಡದ ಮುಖ್ಯಧಾರೆಯಲ್ಲಿ ಇದಕ್ಕೆ ಹತ್ತಿರ ಬಂದದ್ದು ತರುಣ್ ಸುಧೀರ್ ನಿರ್ದೇಶನದ ‘ಕಾಟೇರ’ (2023). 1970ರ ದಶಕದ ಭೂಸುಧಾರಣೆಯೇ ಅದರ ಹಿನ್ನೆಲೆ. ಕಮ್ಮಾರ ಕಾಟೇರ ಮತ್ತು ಶಾನುಭೋಗರ ಮಗಳು ಪ್ರಭಾವತಿಯ ಮದುವೆ ಕಥೆಯ ಒಡಲಲ್ಲಿದೆ. ಹೊಡೆದಾಟದ ಅಬ್ಬರದಲ್ಲಿ ಕೆಲವು ಸಲ ಕಾನೂನು ಮರೆತುಹೋದರೂ, ಭೂನ್ಯಾಯಮಂಡಳಿಯ ಅರ್ಜಿಯನ್ನು ದೊಡ್ಡ ತಾರೆಯ ಚಿತ್ರವೊಂದು ನೆನಪಿಸಿತಲ್ಲ ಎಂಬುದೇ ಸಮಾಧಾನ. 2024ರ ‘ಕೆರೆಬೇಟೆ’ ಮಲೆನಾಡಿನ ಮೀನುಬೇಟೆಯ ಹಬ್ಬದ ಸುತ್ತ ಜಾತಿ ಮೀರಿದ ಪ್ರೇಮವನ್ನು ಕಟ್ಟಿತು. ದೊಡ್ಡ ಹೆಸರುಗಳಿಲ್ಲದ ಆ ಚಿತ್ರ ‘ಕಾಟೇರ’ಕ್ಕಿಂತ ಹೆಚ್ಚು ದೂರ ಹೋಗುತ್ತದೆ, ಏಕೆಂದರೆ ಅದರ ನಾಯಕನನ್ನು ಕೊನೆಯವರೆಗೂ ಪೂರ್ತಿ ನಂಬಲಾಗದು.

ನೋಡುಗರು

ಈ ಚಿತ್ರಗಳನ್ನು ತಾಲ್ಲೂಕುಗಳಿಗೆ ತಂದದ್ದು ಟೂರಿಂಗ್ ಟಾಕೀಸುಗಳು. ಟೆಂಟಿನೊಳಗೂ ಅಂತಸ್ತಿತ್ತು: ಮುಂದೆ ನೆಲದ ಮೇಲೆ ಗಾಂಧಿ ಕ್ಲಾಸು, ಹಿಂದೆ ಬೆಂಚು, ಅದರ ಹಿಂದೆ ಕುರ್ಚಿ. ಗೌಡನಿಗೆ ಏಟು ಬಿದ್ದಾಗ ಮುಂದಿನಿಂದ ಶಿಳ್ಳೆ ಏಳುತ್ತಿತ್ತು. ಟಿ.ವಿ., ವಿಡಿಯೋ ಬಂದಮೇಲೆ ಟೆಂಟುಗಳು ಕಿತ್ತುಹೋದವು. ನೆಲದ ಟಿಕೆಟ್ಟಿನವರು ಮನೆಯೊಳಗೆ ಒಬ್ಬೊಬ್ಬರೇ ನೋಡುವವರಾದರು.

ತೆರೆಯಾಚೆ ಈ ಸೀಮೆ ಜಾತಿಯ ಪ್ರಶ್ನೆಗೆ ತನ್ನದೇ ಉತ್ತರ ಹುಡುಕಿತ್ತು. ದಲಿತ ಸಂಘರ್ಷ ಸಮಿತಿ 1970ರ ದಶಕದಲ್ಲಿ ಭದ್ರಾವತಿಯಲ್ಲಿ ಬೇರೂರಿತು. ಅದನ್ನು ಕಟ್ಟಿದ ಪ್ರೊ. ಬಿ. ಕೃಷ್ಣಪ್ಪ ಹರಿಹರದವರು, ಸ್ವತಃ ಜಾತಿ ದಾಟಿ ಮದುವೆಯಾದವರು, ಭೂಮಿಗಾಗಿ ಹೋರಾಟ ನಡೆಸಿದವರು. ಪ್ರೇಮ ಮತ್ತು ನೆಲ ಎರಡನ್ನೂ ಒಂದೇ ಬಾಳಿನಲ್ಲಿ ಹಿಡಿದ ಅಂಥ ನಾಯಕನನ್ನು ಹಳ್ಳಿ ಚಿತ್ರಗಳು ಕಲ್ಪಿಸಿಕೊಳ್ಳಲೂ ಹೋಗಲಿಲ್ಲ. ಕುವೆಂಪು ಹಾಕಿಕೊಟ್ಟ ಮಂತ್ರಮಾಂಗಲ್ಯದ ಸರಳ ಮದುವೆಗೂ ತೆರೆಯ ಮೇಲೆ ಜಾಗ ಸಿಕ್ಕಿದ್ದು ಅಪರೂಪ. ಅಲ್ಲಿ ಮದುವೆಯೆಂದರೆ ಛತ್ರ, ವಾದ್ಯ, ಇಲ್ಲವೆ ಪೊಲೀಸ್ ಠಾಣೆ.

ಈ ಪರಂಪರೆಯನ್ನು ಹೊಸದಾಗಿ ನೋಡಬೇಕೆನ್ನುವವರು ‘ಚೋಮನ ದುಡಿ’ಯಿಂದ ಶುರುಮಾಡಿ ‘ನಾಗರಹಾವು’, ‘ಜನುಮದ ಜೋಡಿ’, ‘ಕೆರೆಬೇಟೆ’ ಈ ಕ್ರಮದಲ್ಲಿ ನೋಡುವುದು ಒಳ್ಳೆಯದು. ‘ಯಜಮಾನ’ ಹೇಗೂ ಟಿ.ವಿ.ಯಲ್ಲಿ ಬರುತ್ತಲೇ ಇರುತ್ತದೆ.